ಹಕ್ಕಿಗಳಿಗಿಡುವ ಕಾಳನ್ನು ಅಳಿಲುಗಳಿಂದ ಕಾಪಾಡುವ ಕ್ರಮ

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ, ನೆಲೋಗಿ ಮತ್ತು ಅದರ ಸುತ್ತಣ ಗ್ರಾಮಗಳ ಮನೆಯಂಗಳಗಳಲ್ಲಿಯೂ ತೋಟದ ಬದುಗಳಲ್ಲಿಯೂ ಹಕ್ಕಿಗಳಿಗೆಂದು ಹಿಡಿ ಕಾಳನ್ನೂ ಬೋಗುಣಿ ನೀರನ್ನೂ ಇಡುವ ವಾಡಿಕೆಯುಂಟು. ಇದೇ ತಾಲ್ಲೂಕಿನ ಅರಳಗುಂಡಗಿಯಲ್ಲಿ 18ನೆಯ ಶತಮಾನದಲ್ಲಿ ಜನಿಸಿ, ಮುಂದೆ ಕಲಬುರಗಿಯಲ್ಲಿ ದಾಸೋಹವನ್ನು ನಡೆಯಿಸಿದ ಶರಣಬಸವೇಶ್ವರರು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ತೆನೆಯನ್ನೂ ನೀರನ್ನೂ ಒದಗಿಸಿದರೆಂಬ ಐತಿಹ್ಯವನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ಹೀಗಿರುವಲ್ಲಿ ಹಕ್ಕಿಗೆ ಕಾಳನ್ನಿಡಬೇಕೆಂದು ಇಲ್ಲಿಯ ಜನರಿಗೆ ಹೊಸದಾಗಿ ಬೋಧಿಸಬೇಕಾದ ಅಗತ್ಯವಿಲ್ಲ. ಆದರೆ ಇಟ್ಟ ಕಾಳು ಹಕ್ಕಿಯ ಹೊಟ್ಟೆಯನ್ನು ಸೇರುವುದೋ ಅಳಿಲಿನ ಹೊಟ್ಟೆಯನ್ನು ಸೇರುವುದೋ ಎಂಬುದನ್ನು ವಿಚಾರಿಸಿ ನೋಡುವವರು ವಿರಳ. ಬೇವಿನ ಮರದ ಕೆಳಗೆ, ಹುಣಿಸೆಯ ಕೊಂಬೆಗೆ ತಗಲಿಸಿದ ತಟ್ಟೆಯಲ್ಲಿ, ಗೋಡೆಯ ಅಂಚಿನಲ್ಲಿ ಇಟ್ಟ ಕಾಳಿನ ಬಹುಭಾಗವು ಅಳಿಲಿನ ಪಾಲಾಗುತ್ತದೆ. ಅಳಿಲು ಕುಳಿತ ತಟ್ಟೆಗೆ ಸಣ್ಣ ಹಕ್ಕಿಗಳು ಇಳಿಯಲು ಹಿಂಜರಿಯುತ್ತವೆ. ಕೆಲವು ದಿನಗಳಲ್ಲಿ ಆ ಸ್ಥಳವನ್ನೇ ಬಿಟ್ಟುಬಿಡುತ್ತವೆ.

ಇದು ಕೇವಲ ಹಿಡಿ ಕಾಳಿನ ನಷ್ಟದ ಮಾತಲ್ಲ. ಹಕ್ಕಿಯು ಅಂಗಳಕ್ಕೆ ಬಂದು ನೆಲೆನಿಂತರೆ ಹತ್ತಿರದ ಹೊಲಕ್ಕೂ ಬರುತ್ತದೆ. ಹೊಲಕ್ಕೆ ಬಂದರೆ ಹುಳುವನ್ನು ತಿನ್ನುತ್ತದೆ. ಅಳಿಲನ್ನು ತಡೆಯುವ ಉಪಾಯವಾದರೋ ಕಾಳನ್ನಿಡುವ ಸ್ಥಳ, ಅದನ್ನು ಹೊರುವ ಕಂಬ, ಇಡುವ ಹೊತ್ತು ಮತ್ತು ಅಳತೆ ಈ ನಾಲ್ಕರಲ್ಲಿಯೇ ಇದೆ. ವಿಷದಲ್ಲಿಯಾಗಲಿ ಕೊಲ್ಲುವುದರಲ್ಲಿಯಾಗಲಿ ಇಲ್ಲ. ಗ್ರಾಮದ ಮುಖಂಡರೂ ಹೊಲದ ಒಡೆಯರೂ ಇದನ್ನು ತಿಳಿದು ಇತರರಿಗೆ ಮಾಡಿ ತೋರಿಸುವಂತಾಗಲೆಂದು ಕ್ರಮವಾಗಿ ಕೆಳಗೆ ವಿವರಿಸಲಾಗಿದೆ.

1. ಹಕ್ಕಿಗಳಿಂದ ಬೆಳೆಗಾಗುವ ಪ್ರಯೋಜನ

ಈ ಜಿಲ್ಲೆಯ ಕಪ್ಪು ಭೂಮಿಯ ಮುಖ್ಯ ಬೆಳೆ ತೊಗರಿ. ಗುಲ್ಬರ್ಗದ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಈ ಬೆಳೆಯ ದೊಡ್ಡ ಶತ್ರು ಹಸಿರು ಕಾಯಿಕೊರಕ ಹುಳು. ತೊಗರಿಯು ಮೊಗ್ಗು ಬಿಟ್ಟು ಹೂವಾಡುವ ಕಾಲದಲ್ಲಿ ಇದರ ಪತಂಗವು ಮೊಗ್ಗು, ಹೂವು ಮತ್ತು ಎಳೆಗಾಯಿಗಳ ಮೇಲೆ ಬಿಡಿಬಿಡಿಯಾಗಿ ಮೊಟ್ಟೆಗಳನ್ನಿಡುತ್ತದೆ. ಒಂದೊಂದು ಹೆಣ್ಣು ಪತಂಗವು ನೂರಾರು ಮೊಟ್ಟೆಗಳನ್ನಿಡಬಲ್ಲದು. ಹೊರಬಂದ ಹುಳುವು ಬೆಳೆದಮೇಲೆ ಕಾಯಿಗೆ ದುಂಡನೆಯ ತೂತನ್ನು ಕೊರೆದು, ತಲೆಯನ್ನು ಕಾಯಿಯೊಳಗಿಟ್ಟು ಮೈಯನ್ನು ಹೊರಗೆಯೇ ಬಿಟ್ಟುಕೊಂಡು ಕಾಳನ್ನು ತಿನ್ನುತ್ತದೆ. ಒಂದು ಕಾಯಿ ಮುಗಿದೊಡನೆ ಇನ್ನೊಂದಕ್ಕೆ ಹೋಗುತ್ತದೆ. ಹುಳುವಿನ ಈ ಅಭ್ಯಾಸವೇ ಹಕ್ಕಿಗೆ ಅನುಕೂಲವಾದದ್ದು. ಮೈ ಹೊರಗಿರುವುದರಿಂದ ಹಕ್ಕಿಯ ಕಣ್ಣಿಗೆ ಅದು ಸುಲಭವಾಗಿ ಬೀಳುತ್ತದೆ, ಕೊಕ್ಕಿಗೂ ಸಿಕ್ಕುತ್ತದೆ.

ಈ ಹುಳುವು ಅನೇಕ ಕೀಟನಾಶಕಗಳಿಗೆ ಜಗ್ಗದ ಶಕ್ತಿಯನ್ನು ಪಡೆದುಕೊಂಡಿದೆ. 1997-98ರ ಹಂಗಾಮಿನಲ್ಲಿ ನೆರೆಯ ಬೀದರ ಜಿಲ್ಲೆಯಲ್ಲಿ ತೊಗರಿಯು ಕಾಯಿಕೊರಕಕ್ಕೆ ತುತ್ತಾಗಿ, ಮೇಲಿಂದಮೇಲೆ ಮಾಡಿದ ಸಿಂಪರಣೆಗಳೂ ಫಲಿಸದೆ, ಔಷಧಕ್ಕೆಂದು ಮಾಡಿದ ಸಾಲವೂ ತೀರದೆ, ಕೆಲವು ರೈತರು ತಮ್ಮ ಪ್ರಾಣವನ್ನೇ ಕಳೆದುಕೊಂಡ ಸಂಗತಿಯು ಈ ಭಾಗದ ಹಿರಿಯರ ನೆನಪಿನಲ್ಲಿದೆ. ಅಂದಿನಿಂದ ಔಷಧವೊಂದನ್ನೇ ನಂಬದೆ, ಗಿಡವನ್ನು ಅಲ್ಲಾಡಿಸಿ ಹುಳುಗಳನ್ನು ಬಟ್ಟೆಯ ಮೇಲೆ ಉದುರಿಸಿ ಆರಿಸುವುದು, ಬೇವಿನ ಬೀಜದ ಕಷಾಯ, ಮೋಹಕ ಬಲೆ ಮತ್ತು ಹಕ್ಕಿಗಳು ಕೂಡಲು ಕವಲು ಕಡ್ಡಿ ಇವೆಲ್ಲವನ್ನೂ ಕೂಡಿಸಿ ಬಳಸಬೇಕೆಂಬ ಸಲಹೆಗೆ ಹೆಚ್ಚಿನ ಮನ್ನಣೆ ದೊರೆತಿದೆ.

ಹಕ್ಕಿಗಳು ಹುಳುಗಳನ್ನು ತಿನ್ನುವುವೆಂಬುದು ಊಹೆಯ ಮಾತಲ್ಲ. 1912ರಲ್ಲಿ ಮೇಸನ್ ಮತ್ತು ಮ್ಯಾಕ್ಸ್‌ವೆಲ್ ಲೆಫ್ರಾಯ್ ಎಂಬವರು ಭಾರತದ ಹಕ್ಕಿಗಳ ಆಹಾರವನ್ನು ಕುರಿತ ದೊಡ್ಡ ವರದಿಯೊಂದನ್ನು ಪ್ರಕಟಿಸಿದರು. ಹಕ್ಕಿಗಳ ಹೊಟ್ಟೆಯಲ್ಲಿ ದೊರೆತ ಪದಾರ್ಥಗಳನ್ನು ಪರೀಕ್ಷಿಸಿ, ಯಾವುದು ಬೇಸಾಯಕ್ಕೆ ಮಿತ್ರ, ಯಾವುದು ಹಾನಿಕರ ಎಂಬುದನ್ನು ಅದರಲ್ಲಿ ವಿಂಗಡಿಸಲಾಗಿದೆ. ಜೇವರ್ಗಿಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1931-32ರಲ್ಲಿ, ಪಕ್ಷಿತಜ್ಞರಾದ ಸಾಲಿಂ ಅಲಿಯವರು ಆ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ನಡೆಸಿದರು. ಈ ಬಯಲು ನಾಡಿನಲ್ಲಿ ಹುಳು ತಿನ್ನುವ ಹಕ್ಕಿಗಳಿಗೆ ಕೊರತೆಯಿಲ್ಲ. ಅವುಗಳಿಗೆ ಕೂಡುವ ತಾವು, ಕುಡಿಯುವ ನೀರು ಮತ್ತು ನಿರ್ಭಯವನ್ನು ಒದಗಿಸುವುದಷ್ಟೇ ಬೇಸಾಯಗಾರನ ಕೆಲಸ.

ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ಕವಲು ಬಾಲದ ಕಾಜಾಣ, ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠ, ನೇಗಿಲ ಹಿಂದೆ ನಡೆಯುವ ಬೆಳ್ಳಕ್ಕಿ ಇವು ಕಾಳನ್ನು ಮುಟ್ಟುವುದಿಲ್ಲ. ಇವುಗಳಿಗೆ ತಟ್ಟೆಯಲ್ಲಿ ಕಾಳನ್ನಿಡುವುದು ವ್ಯರ್ಥ. ಮೈನಾ ಎಂದೂ ಕರೆಯುವ ಗೊರವಂಕವು ಅನ್ನ, ಹಣ್ಣು, ಹುಳು ಎಲ್ಲವನ್ನೂ ತಿನ್ನುತ್ತದೆ. ಗುಬ್ಬಿಯು ತಾನು ಕಾಳನ್ನು ತಿಂದರೂ ತನ್ನ ಮರಿಗಳಿಗೆ ಮೆತ್ತನೆಯ ಹುಳುಗಳನ್ನು ಆರಿಸಿ ತಂದು ಉಣಿಸುತ್ತದೆ. ಆದುದರಿಂದ ಕಾಳಿನ ತಟ್ಟೆಯು ಅಂಗಳಕ್ಕೂ ತೋಟಕ್ಕೂ ಯೋಗ್ಯವಾದದ್ದು. ನಡು ಹೊಲಕ್ಕೆ ಕವಲು ಕಡ್ಡಿಯೇ ಯೋಗ್ಯವಾದದ್ದು.

2. ಅಳಿಲಿನ ಸ್ವಭಾವ

ಶತ್ರುವಿನ ನಡತೆಯನ್ನು ತಿಳಿಯದೆ ಬೇಲಿ ಕಟ್ಟುವುದು ಸಲ್ಲದು. ಈ ಕಡೆಯಲ್ಲಿ ಇಣಚಿ ಎಂದೂ ಹೇಳುವ ನಮ್ಮ ಅಳಿಲು ಬೆನ್ನಿನ ಮೇಲೆ ಬಿಳಿಯ ಪಟ್ಟೆಗಳುಳ್ಳ ಸಣ್ಣ ಪ್ರಾಣಿ. ದಕ್ಷಿಣದ ಜಾತಿಗೆ ಮೂರು ಪಟ್ಟೆಗಳು, ಉತ್ತರದ ಜಾತಿಗೆ ಐದು. ತೂಕವು ಸುಮಾರು ನೂರು ಗ್ರಾಂ ಮಾತ್ರ. ಹಗಲಿನಲ್ಲಿ ಮಾತ್ರ ಸಂಚರಿಸುತ್ತದೆ. ಬೆಳಗಿನ ಹೊತ್ತೂ ಸಂಜೆಯ ಮುಂಚಿನ ಹೊತ್ತೂ ಅದರ ಚಟುವಟಿಕೆ ಹೆಚ್ಚು. ನಾರು, ಹತ್ತಿ, ಹುಲ್ಲುಗಳಿಂದ ಕೊಂಬೆಯ ಕವಲಿನಲ್ಲಿಯೂ ಮನೆಯ ಜಂತಿಯ ಸಂದಿನಲ್ಲಿಯೂ ಗೂಡನ್ನು ಕಟ್ಟುತ್ತದೆ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡು ಮೂರು ಮರಿಗಳನ್ನು ಹಾಕುತ್ತದೆ.

ಅಳಿಲು ಏರುವುದು ಉಗುರಿನ ಬಲದಿಂದ. ಒರಟು ತೊಗಟೆ, ಕಟ್ಟಿಗೆಯ ಕಂಬ, ಹಗ್ಗ, ಮಣ್ಣಿನ ಗೋಡೆ, ಕಲ್ಲಿನ ಸಂದು ಇವೆಲ್ಲ ಅದಕ್ಕೆ ಏಣಿಯಂತೆ. ಉಗುರು ನಾಟದಷ್ಟು ನುಣುಪಾದ, ತೋಳುಗಳಿಂದ ತಬ್ಬಲಾರದಷ್ಟು ದಪ್ಪವಾದ ಕಂಬವನ್ನು ಅದು ಏರಲಾರದು. ಎರಡನೆಯದಾಗಿ, ಅದು ಕೊಂಬೆಯಿಂದ ಕೊಂಬೆಗೆ ಹಾರಬಲ್ಲದು. ಮೇಲಿನಿಂದ ಕೆಳಗೆ ಧುಮುಕುವುದಂತೂ ಅದಕ್ಕೆ ಆಟ. ತಡೆಯುವ ಉಪಾಯಗಳೆಲ್ಲವೂ ಈ ಎರಡು ಗುಣಗಳನ್ನು, ಎಂದರೆ ಏರುವುದನ್ನೂ ಹಾರುವುದನ್ನೂ, ಗುರಿಯಾಗಿಟ್ಟುಕೊಂಡಿರಬೇಕು.

ಅಳಿಲು ಕಾಳು, ಹಣ್ಣು, ಎಳೆ ಚಿಗುರು ಮತ್ತು ಹುಳುಗಳನ್ನು ತಿನ್ನುತ್ತದೆ. ಸಮಯ ಸಿಕ್ಕರೆ ಹಕ್ಕಿಯ ಮೊಟ್ಟೆಯನ್ನೂ ಎಳೆಯ ಮರಿಯನ್ನೂ ಬಿಡುವುದಿಲ್ಲ. ಪೇರಲ, ದಾಳಿಂಬೆ ತೋಟಗಳಲ್ಲಿ ಹಣ್ಣನ್ನು ಕಚ್ಚಿ ಕೆಡಿಸುವುದೂ ಹನಿ ನೀರಾವರಿಯ ಕೊಳವೆಗಳನ್ನು ಕಡಿಯುವುದೂ ಉಂಟು. ಆದರೂ ಇದನ್ನು ಇಲಿ ಹೆಗ್ಗಣಗಳ ಸಾಲಿಗೆ ಸೇರಿಸತಕ್ಕದ್ದಲ್ಲ. ಸೇತುವೆಗೆ ಮರಳನ್ನು ಹೊತ್ತ ಅಳಿಲ ಸೇವೆಯ ಕಥೆಯನ್ನು ಬಲ್ಲ ನಮ್ಮ ಜನರು ಅದನ್ನು ಕೊಲ್ಲಲು ಒಪ್ಪುವುದೂ ಇಲ್ಲ. ಕೊಂದರೂ ಪ್ರಯೋಜನವಿಲ್ಲ, ಮರವೂ ಕಾಳೂ ಅಲ್ಲಿಯೇ ಇರುವವರೆಗೆ ಒಂದು ಅಳಿಲು ಹೋದ ಠಾವಿಗೆ ಇನ್ನೊಂದು ಬಂದು ಸೇರುತ್ತದೆ.

3. ಪರದೇಶದ ಉಪಕರಣಗಳು ಇಲ್ಲಿಗೆ ಒಪ್ಪದಿರುವ ಕಾರಣ

ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳಲ್ಲಿ ಹಕ್ಕಿಗಳಿಗೆ ಕಾಳನ್ನಿಡುವವರಿಗೆ ಬೂದು ಅಳಿಲಿನ ಕಾಟವು ಬಹಳ. ಅದರಿಂದ ಕಾಳನ್ನು ಉಳಿಸಲು ಅಲ್ಲಿ ಬಗೆಬಗೆಯ ಪೆಟ್ಟಿಗೆಗಳು ಮಾರಾಟಕ್ಕಿವೆ. ಪಟ್ಟಣದ ಅಂಗಡಿಗಳಿಂದ ಇಂತಹವನ್ನು ತರಿಸಬೇಕೆಂದಿರುವ ತೋಟದವರು ಎರಡು ವಿಷಯಗಳನ್ನು ಅರಿತಿರುವುದು ಒಳ್ಳೆಯದು.

ಮೊದಲನೆಯದು, ಭಾರದಿಂದ ಮುಚ್ಚಿಕೊಳ್ಳುವ ಪೆಟ್ಟಿಗೆ. ಬೂದು ಅಳಿಲು ಸುಮಾರು ಅರ್ಧ ಕಿಲೋ ತೂಗುವ ಪ್ರಾಣಿಯಾದುದರಿಂದ ಅದು ಹತ್ತಿದೊಡನೆ ಪೆಟ್ಟಿಗೆಯ ಬಾಯಿ ಮುಚ್ಚುತ್ತದೆ. ಹಗುರವಾದ ಹಕ್ಕಿ ಕುಳಿತರೆ ತೆರೆದೇ ಇರುತ್ತದೆ. ನಮ್ಮ ಅಳಿಲಿನ ತೂಕವಾದರೋ ಹೆಚ್ಚುಕಡಮೆ ಒಂದು ಗೊರವಂಕದ ತೂಕದಷ್ಟೇ. ಅಳಿಲಿಗೆ ಮುಚ್ಚುವ ಪೆಟ್ಟಿಗೆಯು ಗೊರವಂಕಕ್ಕೂ ಮುಚ್ಚುತ್ತದೆ. ಗೊರವಂಕಕ್ಕೆ ತೆರೆಯುವುದು ಅಳಿಲಿಗೂ ತೆರೆಯುತ್ತದೆ. ಎರಡನೆಯದು, ತಂತಿಯ ಜಾಲರಿಯ ಪಂಜರ. ಬೂದು ಅಳಿಲು ತೂರಲಾರದ ಕಣ್ಣುಗಳಲ್ಲಿ ನಮ್ಮ ಸಣ್ಣ ಅಳಿಲು ಸುಲಭವಾಗಿ ನುಗ್ಗುತ್ತದೆ. ಕಣ್ಣನ್ನು ಇನ್ನೂ ಸಣ್ಣದಾಗಿಸಿದರೆ ಗುಬ್ಬಿಯೂ ಹೊರಗೇ ಉಳಿಯುತ್ತದೆ. ಆದುದರಿಂದ ಈ ಪ್ರಾಣಿಯನ್ನು ತಟ್ಟೆಯ ಬಳಿ ತಡೆಯಲು ಹೋಗದೆ ತಟ್ಟೆಯ ದಾರಿಯಲ್ಲಿಯೇ ತಡೆಯಬೇಕು.

4. ಸ್ಥಳದ ಆಯ್ಕೆ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಇದಕ್ಕೆ ಖರ್ಚೂ ಇಲ್ಲ. ತಟ್ಟೆಯನ್ನು ಹೊತ್ತ ಕಂಬವು ಮರದ ಕೊಂಬೆ, ಗೋಡೆ, ಮಾಳಿಗೆಯ ಅಂಚು, ಬಣವೆ, ಬೇಲಿ ಮತ್ತು ವಿದ್ಯುತ್ ತಂತಿ ಇವುಗಳಲ್ಲಿ ಯಾವುದಕ್ಕೇ ಆಗಲಿ 10 ಅಡಿಗಿಂತ ಹತ್ತಿರವಿರಬಾರದು. ಅಳತೆಯನ್ನು ಮರದ ಬುಡದಿಂದ ಹಿಡಿಯದೆ, ಚಾಚಿದ ಕೊಂಬೆಯ ತುದಿಯಿಂದ ಹಿಡಿಯಬೇಕು. ತಟ್ಟೆಯ ನೇರ ಮೇಲೆ ಯಾವ ಕೊಂಬೆಯೂ ಬಾಗಿರಕೂಡದು. ಇಂತಹ ಬಯಲು ಸಿಕ್ಕದಿದ್ದರೆ ಒಂದೆರಡು ಕೊಂಬೆಗಳನ್ನು ಕತ್ತರಿಸಿ ತೆರವು ಮಾಡಿಕೊಳ್ಳಬಹುದು. ಆದರೆ ಗೂಡುಗಳಿರುವ ಕೊಂಬೆಯನ್ನು ಮುಟ್ಟತಕ್ಕದ್ದಲ್ಲ.

ಹಕ್ಕಿಗೆ ಅಪಾಯ ಕಂಡಾಗ ಹಾರಿ ಸೇರಲು 15-20 ಅಡಿ ದೂರದಲ್ಲಿ ಗಿಡವೊಂದಿದ್ದರೆ ಒಳ್ಳೆಯದು. ಕಂಬದ ಬುಡದಲ್ಲಿ ಪೊದೆಯಿರಬಾರದು. ಬೆಕ್ಕು ಅಲ್ಲಿ ಅವಿತು ಕುಳಿತುಕೊಳ್ಳುತ್ತದೆ.

5. ಕಂಬ, ತಗಡಿನ ಕವಚ ಮತ್ತು ಕೊಡೆ

ನೆಲದಿಂದ ಮೇಲಕ್ಕೆ 6 ಅಡಿ ಉಳಿಯುವಂತೆ 8 ಅಡಿ ಉದ್ದದ, 3 ಅಂಗುಲ ದಪ್ಪದ ಕಂಬವನ್ನು 2 ಅಡಿ ಆಳ ಹೂಳಬೇಕು. ಕಪ್ಪು ಭೂಮಿಯು ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ, ಗುಂಡಿಗೆ ಅದೇ ಮಣ್ಣನ್ನು ತುಂಬದೆ ಗರಸು ಮತ್ತು ಕಲ್ಲುಗಳನ್ನು ಗಟ್ಟಿಸಿ ತುಂಬಿದರೆ ಕಂಬವು ವಾಲುವುದಿಲ್ಲ.

ಕಂಬಕ್ಕೆ ನುಣುಪಾದ ಕವಚವನ್ನು ತೊಡಿಸಬೇಕು. ಇದಕ್ಕೆ ಎರಡು ದಾರಿಗಳಿವೆ. 4 ಅಂಗುಲದ ಪಿವಿಸಿ ಕೊಳವೆಯ 3 ಅಡಿ ತುಂಡನ್ನು ಕಂಬದ ನಡುಭಾಗಕ್ಕೆ ತೂರಿಸಿ ಕೆಳಗೆ ಮೊಳೆಯ ಆಸರೆ ಕೊಡುವುದು ಒಂದು. 15 ಕಿಲೋ ಎಣ್ಣೆಯ ಖಾಲಿ ಡಬ್ಬಿಗಳೆರಡನ್ನು ಬಿಡಿಸಿ, ತಗಡನ್ನು ಒಂದರ ಮೇಲೊಂದು ಬರುವಂತೆ ಕಂಬಕ್ಕೆ ಸುತ್ತಿ ಮೊಳೆ ಹೊಡೆಯುವುದು ಇನ್ನೊಂದು. ಇದರಿಂದ ಎರಡು ಅಡಿಗೂ ಮಿಕ್ಕ ಕವಚವು ದೊರೆಯುತ್ತದೆ. ಮೊಳೆಯ ತಲೆಗಳು ಎದ್ದಿರಬಾರದು, ತಗಡಿನ ಅಂಚುಗಳನ್ನು ಒಳಕ್ಕೆ ಮಡಿಸಬೇಕು. ಧೂಳು ಕೂತು ನುಣುಪು ಕೆಡುವುದರಿಂದ ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಒರಸುವುದು ಅಗತ್ಯ.

ಕವಚದ ಮೇಲೆ, ತಟ್ಟೆಯ ಕೆಳಗೆ, ತಗಡಿನ ಕೊಡೆಯೊಂದನ್ನು ಕಟ್ಟಿದರೆ ಕೆಲಸವು ಪೂರ್ಣವಾಗುತ್ತದೆ. ಮಾಡುವ ರೀತಿ ಹೇಗೆಂದರೆ: 2 ಅಡಿ ಅಡ್ಡಳತೆಯ ದುಂಡನೆಯ ಸಪಾಟು ತಗಡನ್ನು ಕತ್ತರಿಸಿಕೊಳ್ಳಬೇಕು. ನಡುವೆ 4 ಅಂಗುಲ ಅಡ್ಡಳತೆಯ ರಂಧ್ರವನ್ನು ಮಾಡಿ, ಅಂಚಿನಿಂದ ರಂಧ್ರದವರೆಗೆ ನೇರವಾಗಿ ಸೀಳಬೇಕು. ಆಮೇಲೆ ತಗಡಿನ ಕಾಲುಭಾಗವು ಒಂದರ ಮೇಲೊಂದು ಬರುವಂತೆ ಕಂಬದ ಸುತ್ತ ಎಳೆದು ರಿವೆಟ್ಟು ಹಾಕಬೇಕು. ಆಗ ಮೇಲಿನ ರಂಧ್ರವು 3 ಅಂಗುಲಕ್ಕೆ ಇಳಿದು ಕಂಬಕ್ಕೆ ಬಿಗಿಯಾಗಿ ಕೂಡುತ್ತದೆ. ಕೆಳಗಿನ ಬಾಯಿ ಒಂದೂವರೆ ಅಡಿ ಅಗಲವಾಗಿ ಕೊಡೆಯಂತೆ ಬಾಗಿ ನಿಲ್ಲುತ್ತದೆ. ಕೊಡೆಯ ಬಾಯಿಯು ನೆಲದಿಂದ 4 ಅಡಿಗಿಂತ ಮೇಲಿರಬೇಕು. ಕಂಬವನ್ನು ಹೇಗೋ ಏರಿಬಂದ ಅಳಿಲು ಕೊಡೆಯ ಒಳಮೈಗೆ ಬಂದು ಮುಂದೆ ದಾರಿಯಿಲ್ಲದೆ ಹಿಂತಿರುಗುತ್ತದೆ. ಕಣಜಗಳ ಕಾಲಿಗೆ ಇಲಿಯೇರದಂತೆ ತಗಡಿನ ಬಿಲ್ಲೆಯನ್ನು ತೊಡಿಸುವ ಉಪಾಯವೂ ಇದೇ ತತ್ತ್ವದ್ದು.

ತಟ್ಟೆಯು ಒಂದೂವರೆ ಅಡಿ ಚೌಕವಾಗಿ, ಸುತ್ತಲೂ ಒಂದು ಅಂಗುಲ ಎತ್ತರದ ಅಂಚುಳ್ಳದ್ದಾಗಿರಲಿ. ಅಂಚಿಲ್ಲದಿದ್ದರೆ ಕಾಳು ನೆಲಕ್ಕೆ ಚೆಲ್ಲಿ, ಹಗಲಿನಲ್ಲಿ ಅಳಿಲನ್ನೂ ರಾತ್ರಿಯಲ್ಲಿ ಇಲಿಯನ್ನೂ ಕರೆಯುತ್ತದೆ. ಮಳೆಯ ನೀರು ಬಸಿದುಹೋಗಲು ನಾಲ್ಕು ಮೂಲೆಗಳಲ್ಲಿ ಸಣ್ಣ ತೂತುಗಳಿರಬೇಕು. ವಾರಕ್ಕೊಮ್ಮೆ ತಟ್ಟೆಯನ್ನು ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಹೊಲಸು ತಟ್ಟೆಯಿಂದ ಹಕ್ಕಿಗಳಲ್ಲಿ ರೋಗವು ಹರಡುತ್ತದೆ.

ಕಂಬವನ್ನು ನೆಡಲಾಗದ ಚಿಕ್ಕ ಅಂಗಳದವರು ಜೋಳ ಅಥವಾ ಸಜ್ಜೆಯ ತೆನೆಗಳ ಗೊಂಚಲನ್ನು ತೂಗುಹಾಕಬಹುದು. ಹಗ್ಗದ ಬದಲು ಎರಡು ಅಡಿ ಉದ್ದದ ಸಣ್ಣ ನುಣುಪು ತಂತಿಯನ್ನು ಬಳಸಿ, ತಂತಿಯ ನಡುವೆ ಹಳೆಯ ತಗಡಿನ ತಾಟೊಂದನ್ನು ಬೋರಲಾಗಿ ಪೋಣಿಸಿದರೆ ಮೇಲಿನಿಂದ ಇಳಿಯುವ ಅಳಿಲಿನ ಕಾಲು ಅದರ ಮೇಲೆ ಜಾರುತ್ತದೆ. ಗೊಂಚಲು ಗೋಡೆಯಿಂದಲೂ ಕಂಬದಿಂದಲೂ ಸಾಧ್ಯವಿದ್ದಷ್ಟು ದೂರವಿರಲಿ.

6. ಕಾಳಿನ ಬಗೆ, ಅಳತೆ ಮತ್ತು ಹೊತ್ತು

ಶೇಂಗಾ, ಕೊಬ್ಬರಿ, ಮೆಕ್ಕೆಜೋಳ ಇವುಗಳನ್ನಿಡುವುದು ಅಳಿಲನ್ನು ಕೈಮಾಡಿ ಕರೆದಂತೆ. ಸಜ್ಜೆ, ನವಣೆ, ಜೋಳದ ನುಚ್ಚು, ಅನ್ನದ ಅಗುಳು ಇವು ಸಣ್ಣ ಹಕ್ಕಿಗಳಿಗೆ ಸಾಕು. ಬೆಳಕು ಹರಿದೊಡನೆ ಒಂದು ಹಿಡಿಯಷ್ಟು ಇಡಬೇಕು. ಒಂದು ಗಂಟೆಯೊಳಗೆ ತೀರುವಷ್ಟೇ ಸರಿಯಾದ ಅಳತೆ. ದಿನವಿಡೀ ತುಂಬಿಕೊಂಡಿರುವ ತಟ್ಟೆಯು ಹಕ್ಕಿಗಿಂತ ಅಳಿಲಿಗೂ ಕಾಗೆಗೂ ಹೆಚ್ಚು ಪ್ರಯೋಜನಕಾರಿ. ಉಳಿದುದನ್ನು ತೆಗೆದು ಕೋಳಿಗೆ ಹಾಕಬೇಕು.

ಬಿತ್ತನೆಯಲ್ಲಿ ಮಿಕ್ಕ ಬೀಜವನ್ನು ಹಕ್ಕಿಗೆ ಹಾಕುವುದು ಘೋರ ಪ್ರಮಾದ. ಔಷಧ ಲೇಪಿಸಿದ ಬೀಜವು ಹಕ್ಕಿಗೆ ವಿಷ. ಅದನ್ನು ತೊಳೆದರೂ ನಂಬತಕ್ಕದ್ದಲ್ಲ.

ಅಳಿಲಿನ ಕಾಟವು ಇಷ್ಟಕ್ಕೂ ನಿಲ್ಲದಿದ್ದರೆ ಕಾಳಿಗೆ ಖಾರದ ಪುಡಿಯನ್ನು ಬೆರೆಸುವ ಉಪಾಯವುಂಟು. ಮೆಣಸಿನಕಾಯಿಯ ಖಾರವು ಹಕ್ಕಿಗಳ ಬಾಯಿಗೆ ತಾಕುವುದಿಲ್ಲ. ಗಿಳಿಯು ಹಸಿಮೆಣಸಿನಕಾಯಿಯನ್ನು ನಿರಾತಂಕವಾಗಿ ತಿನ್ನುವುದನ್ನು ಎಲ್ಲರೂ ಕಂಡಿದ್ದಾರೆ. ಅಳಿಲು, ಇಲಿ, ಮನುಷ್ಯ ಮೊದಲಾದ ಮೊಲೆಯುಣಿಸುವ ಪ್ರಾಣಿಗಳಿಗೆ ಮಾತ್ರ ಅದು ಉರಿಯುತ್ತದೆ. ಇದಕ್ಕೆ ಬ್ಯಾಡಗಿ ಮೆಣಸಿನಕಾಯಿ ಉಪಯೋಗಕ್ಕೆ ಬಾರದು. ಅದು ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಗುಂಟೂರಿನಂತಹ ಖಾರದ ಜಾತಿಯ ಪುಡಿಯನ್ನು ಕೆಲವು ಹನಿ ಅಡಿಗೆಯೆಣ್ಣೆಯೊಡನೆ ಕಾಳಿಗೆ ಅಂಟುವಂತೆ ತಿಕ್ಕಬೇಕು. ಒಣಪುಡಿಯನ್ನು ಹಾಗೆಯೇ ಉದುರಿಸಿದರೆ ಗಾಳಿಗೆ ಹಾರಿ ಹಕ್ಕಿಯ ಕಣ್ಣಿಗೂ ಮಕ್ಕಳ ಕಣ್ಣಿಗೂ ಬೀಳುತ್ತದೆ. ಸ್ಥಳವೂ ಕಂಬವೂ ಸರಿಯಾಗಿದ್ದಲ್ಲಿ ಈ ಉಪಾಯದ ಅಗತ್ಯವೇ ಬೀಳುವುದಿಲ್ಲ.

7. ನೀರು

ಮಾರ್ಚಿಯಿಂದ ಮೇ ತಿಂಗಳವರೆಗೆ, ಬಿಸಿಲು 40 ಡಿಗ್ರಿಯನ್ನು ಮೀರುವ ದಿನಗಳಲ್ಲಿ, ಹಕ್ಕಿಗೆ ಕಾಳಿಗಿಂತ ನೀರೇ ಮುಖ್ಯ. ಅಗಲವಾದ ಮಣ್ಣಿನ ಬೋಗುಣಿಯಲ್ಲಿ ಎರಡು ಅಂಗುಲಕ್ಕಿಂತ ಹೆಚ್ಚಾಗದಂತೆ ನೀರನ್ನು ತುಂಬಿ, ಹಕ್ಕಿ ಕಾಲೂರಲು ನಡುವೆ ಒಂದು ಕಲ್ಲನ್ನಿಡಬೇಕು. ನೀರನ್ನು ನಿತ್ಯವೂ ಬದಲಿಸಬೇಕು. ನಿಂತ ನೀರಿನಲ್ಲಿ ಸೊಳ್ಳೆ ಬೆಳೆಯುತ್ತದೆ. ಅಳಿಲಿಗೂ ಈ ನೀರು ದೊರೆಯುವುದರಲ್ಲಿ ತಪ್ಪಿಲ್ಲ, ಲಾಭವೇ ಉಂಟು. ಹನಿ ನೀರಾವರಿಯುಳ್ಳ ತೋಟದ ಅಂಚಿನ ಮರಗಳ ಕೆಳಗೆ ಒಂದೆರಡು ಬೋಗುಣಿಗಳನ್ನು ನೆಲದ ಮೇಲೆಯೇ ಇಟ್ಟರೆ, ನೀರಿಗಾಗಿ ಕೊಳವೆಯನ್ನು ಕಡಿಯುವುದು ತಗ್ಗುತ್ತದೆ.

8. ತೊಗರಿಯ ಹೊಲದಲ್ಲಿ ಮಾಡತಕ್ಕ ಕ್ರಮ

ಹೊಲದಲ್ಲಿ ಎಕರೆಗೆ 15-20 ಕವಲು ಕಡ್ಡಿಗಳನ್ನು, ಬೆಳೆಗಿಂತ ಒಂದೆರಡು ಅಡಿ ಎತ್ತರವಾಗಿ ನಿಲ್ಲುವಂತೆ ನೆಡಬೇಕು. ಬಿತ್ತುವಾಗಲೇ ತೊಗರಿಯ ಬೀಜದೊಡನೆ ಒಂದು ಹಿಡಿ ಜೋಳವನ್ನು ಬೆರೆಸಿದರೆ, ಅಲ್ಲಲ್ಲಿ ಎದ್ದ ಜೋಳದ ದಂಟುಗಳೇ ಹಕ್ಕಿಗಳ ಪೀಠವಾಗುತ್ತವೆ. ಹೂವಾಡುವ ಕಾಲದಲ್ಲಿ ಅರಿಶಿಣ ಕಲಸಿದ ಅನ್ನವನ್ನೋ ಚುರಮುರಿಯನ್ನೋ ಸಾಲುಗಳ ನಡುವೆ ಎರಚಿ ಹಕ್ಕಿಗಳನ್ನು ಹೊಲಕ್ಕೆ ಇಳಿಸುವ ರೂಢಿಯನ್ನು ಅನೇಕ ರೈತರು ಬಲ್ಲರು. ಇದು ಸರಿಯಾದ ರೂಢಿಯೇ. ಆದರೆ ಎರಚುವ ಸ್ಥಳವು ತಪ್ಪಿದರೆ ಅಳಿಲಿನ ಊಟವಾಗುತ್ತದೆ. ಬದುವಿನ ಮೇಲೆ ಬೇವು, ಜಾಲಿ, ಹುಣಿಸೆಗಳಿದ್ದಲ್ಲಿ ಅಳಿಲು ಇದ್ದೇ ಇರುತ್ತದೆ. ಮರದ ನೆರಳು ಬೀಳುವ ಅಂಚನ್ನು ಬಿಟ್ಟು, ಹೊಲದ ನಡುಭಾಗದಲ್ಲಿ ಮಾತ್ರ ಎರಚಬೇಕು. ಬೆಳಗಿನ ಜಾವದಲ್ಲಿ ಎರಚಿ, ಅದೇ ದಿನ ಗಿಡಗಳನ್ನು ಅಲ್ಲಾಡಿಸಿದರೆ ಕೆಳಗೆ ಬಿದ್ದ ಹುಳುಗಳನ್ನು ಗೊರವಂಕಗಳು ಆರಿಸಿಕೊಳ್ಳುತ್ತವೆ.

ಹಕ್ಕಿಗಳನ್ನು ಕರೆದರೆ ಹಿಂಗಾರಿ ಜೋಳದ ತೆನೆಗಳನ್ನು ಅವೇ ತಿನ್ನುವುದಿಲ್ಲವೇ ಎಂಬ ಶಂಕೆಯು ನ್ಯಾಯವಾದದ್ದೇ. ಅದಕ್ಕೆ ಪರಿಹಾರವು ಕಾಲವನ್ನು ನೋಡಿ ನಡೆಯುವುದು. ನೆರೆಯ ಹೊಲಗಳ ಜೋಳವು ಹಾಲುಗಾಳು ಕಟ್ಟಿದೊಡನೆ ಹೊಲದಲ್ಲಿ ಅನ್ನ ಚುರಮುರಿಗಳನ್ನು ಎರಚುವುದನ್ನು ನಿಲ್ಲಿಸಬೇಕು. ಜೋಳದ ಹೊಲದಲ್ಲಿ ಕಡ್ಡಿಗಳನ್ನು ನೆಡಬಾರದು. ಆ ಹೊತ್ತಿಗೆ ಅಟ್ಟಣೆಯೂ ಕವಣೆಯೂ ಇದ್ದೇ ಇವೆ. ತೊಗರಿಯ ಕಾಯಿ ಬಲಿತು ಗಿಳಿಗಳು ಬರತೊಡಗಿದರೆ ಅಲ್ಲಿಯ ಕಡ್ಡಿಗಳನ್ನೂ ಕಿತ್ತುಬಿಡಬೇಕು. ಕಾಳು ತಿನ್ನುವುದೆಂಬ ಒಂದೇ ಲೆಕ್ಕದಿಂದ ಹಕ್ಕಿಯನ್ನು ನಾಶಮಾಡಿದರೆ ಏನಾಗುವುದೆಂಬುದಕ್ಕೆ ಚೀನಾ ದೇಶವೇ ಸಾಕ್ಷಿ. ಅಲ್ಲಿ 1958ರಲ್ಲಿ ಗುಬ್ಬಿಗಳನ್ನು ಕೊಲ್ಲುವ ದೊಡ್ಡ ಚಳವಳಿ ನಡೆದು, ಅನಂತರ ಬೆಳೆಗಳಲ್ಲಿ ಕೀಟಗಳ ಹಾವಳಿ ಹೆಚ್ಚಿ, 1960ರಲ್ಲಿ ಗುಬ್ಬಿಯನ್ನು ಹಾನಿಕರ ಪ್ರಾಣಿಗಳ ಪಟ್ಟಿಯಿಂದ ತೆಗೆಯಬೇಕಾಯಿತು.

9. ಮಾಡಬಾರದ ಕೆಲಸಗಳು

ಇಲಿಗೆಂದು ತಂದ ವಿಷದ ಕಾಳನ್ನು ಅಳಿಲಿಗಾಗಿ ಬಯಲಿನಲ್ಲಿಡಬಾರದು. ಅದನ್ನು ಮೊದಲು ತಿನ್ನುವುದು ಹಕ್ಕಿ. ಆಮೇಲೆ ಸತ್ತ ಹಕ್ಕಿಯನ್ನು ತಿಂದ ನಾಯಿ, ಬೆಕ್ಕುಗಳಿಗೂ ಅಂಗಳದಲ್ಲಿ ಆಡುವ ಮಕ್ಕಳಿಗೂ ಅಪಾಯ. ಅಂಟಿನ ಹಲಗೆಯನ್ನಿಡಬಾರದು, ಅಳಿಲಿಗಿಂತ ಮುಂಚೆ ಗುಬ್ಬಿಯೇ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಕಂಬಕ್ಕೆ ಗ್ರೀಸು ಅಥವಾ ಯಂತ್ರದ ಎಣ್ಣೆಯನ್ನು ಬಳಿಯಬಾರದು. ಅದು ಹಕ್ಕಿಯ ಗರಿಗೆ ಅಂಟಿದರೆ ಹಾರುವ ಶಕ್ತಿಯೇ ಕುಂದುತ್ತದೆ. ತಟ್ಟೆಯ ಸುತ್ತ ಬಲೆಯನ್ನು ಕಟ್ಟಬಾರದು. ಹಕ್ಕಿಗಳನ್ನು ಹಿಡಿಯುವುದೂ ಕೊಲ್ಲುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೆಂಬುದನ್ನು ಗ್ರಾಮದ ಮುಖಂಡರು ಎಲ್ಲರಿಗೂ ತಿಳಿಸುವುದು ಯೋಗ್ಯ.

10. ಗ್ರಾಮದಲ್ಲಿ ಮಾಡಿ ತೋರಿಸುವ ಬಗೆ

ಹೇಳುವುದಕ್ಕಿಂತ ತೋರಿಸುವುದು ಮೇಲು. ಪಂಚಾಯತಿಯ ಅಂಗಳದಲ್ಲಿಯೋ ಶಾಲೆಯ ಬಯಲಿನಲ್ಲಿಯೋ ಇಂತಹ ಒಂದು ಕಂಬವನ್ನು ನಿಲ್ಲಿಸಿದರೆ ಊರಿನ ಬಡಗಿಯೂ ತಗಡಿನ ಕೆಲಸದವನೂ ಅದನ್ನು ನೋಡಿ ಇತರರಿಗೆ ಮಾಡಿಕೊಡಬಲ್ಲರು. ಹಳೆಯ ಕಂಬ, ಖಾಲಿ ಡಬ್ಬಿ, ಮುರಿದ ಹಲಗೆಗಳು ಮನೆಯಲ್ಲಿಯೇ ಇದ್ದಲ್ಲಿ ಕೊಡೆಯ ತಗಡಿನ ಬೆಲೆಯೂ ಕೂಲಿಯೂ ಮಾತ್ರ ಖರ್ಚು.

ಫಲವನ್ನು ಅಳೆಯುವ ರೀತಿಯೂ ಸುಲಭ. ಕಂಬವನ್ನು ನಿಲ್ಲಿಸುವ ಮೊದಲು ಏಳು ದಿನ, ನಿಲ್ಲಿಸಿದಮೇಲೆ ಏಳು ದಿನ, ಬೆಳಿಗ್ಗೆ ಅರ್ಧ ಗಂಟೆ ದೂರದಲ್ಲಿ ಕುಳಿತು, ತಟ್ಟೆಗೆ ಬಂದ ಹಕ್ಕಿಗಳೆಷ್ಟು, ಅಳಿಲುಗಳೆಷ್ಟು ಎಂದು ಶಾಲೆಯ ಮಕ್ಕಳಿಂದ ಬರೆಯಿಸಬೇಕು. ಎರಡನೆಯ ವಾರದಲ್ಲಿಯೂ ಅಳಿಲು ತಟ್ಟೆಯನ್ನು ಮುಟ್ಟುತ್ತಿದ್ದರೆ ಅದು ಎಲ್ಲಿಂದ ಬರುವುದೆಂಬುದನ್ನು ನೋಡಬೇಕು. ಕಂಬದ ಬುಡದಿಂದ ಏರಿ ಬಂದರೆ ಕವಚದಲ್ಲಿ ದೋಷವಿದೆ. ಮೇಲಿನಿಂದ ಹಾರಿ ಬಂದರೆ ಸ್ಥಳದಲ್ಲಿ ದೋಷವಿದೆ. ಇವೆರಡನ್ನು ಬಿಟ್ಟು ಮೂರನೆಯ ದಾರಿಯಿಲ್ಲ.

ತೊಗರಿಯು ಹೂವಾಡುವುದು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ. ಹಕ್ಕಿಗಳು ಹೊಸ ಸ್ಥಳಕ್ಕೆ ಒಗ್ಗಿಕೊಳ್ಳಲು ಕೆಲವು ವಾರಗಳು ಬೇಕಾಗುವುದರಿಂದ, ಕಂಬವನ್ನು ಆಗಸ್ಟ್ ತಿಂಗಳೊಳಗೆ ನಿಲ್ಲಿಸಿ, ಸೆಪ್ಟೆಂಬರಿನಿಂದ ನಿತ್ಯವೂ ತಪ್ಪದೆ ಒಂದೇ ಹೊತ್ತಿಗೆ ಕಾಳನ್ನಿಡುವುದು ಉಚಿತ. ಹೊಲದ ಕವಲು ಕಡ್ಡಿಗಳನ್ನು ಮೊಗ್ಗು ಕಾಣುವ ಮೊದಲೇ ನೆಟ್ಟಿರಬೇಕು. ಹಕ್ಕಿಯೊಂದರಿಂದಲೇ ಕಾಯಿಕೊರಕವು ಪೂರ್ತಿಯಾಗಿ ಅಡಗಲಾರದು. ಗಿಡಕ್ಕೆ ಒಂದು ಹುಳುವಿನಂತೆ ಕಾಣತೊಡಗಿದರೆ ಸಮೀಪದ ರೈತ ಸಂಪರ್ಕ ಕೇಂದ್ರದ ಸಲಹೆಯನ್ನು ಪಡೆದು ಮುಂದಿನ ಕ್ರಮವನ್ನು ಕೈಕೊಳ್ಳತಕ್ಕದ್ದು. ಆದರೆ ಹಕ್ಕಿ ತಿಂದ ಒಂದೊಂದು ಹುಳುವೂ ಸಿಂಪರಣೆಯ ಖರ್ಚಿಲ್ಲದೆ ಹೋದ ಹುಳು ಎಂಬುದನ್ನು ಹೊಲದ ಒಡೆಯರು ಲೆಕ್ಕದಲ್ಲಿಟ್ಟುಕೊಳ್ಳಬೇಕು.